ಪೂಜೆಗೆ ಕೂತ ಕಾದಂಬರಿ

ಪರದೇಶದ ಕೆಂಟ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಗೌರಾದೇವಿ ಇಪ್ಪತ್ತೆರಡು ವರ್ಷ ವಿಮಾನದ ಸೀಟುಗಳಿಗೆ ಹೊದಿಕೆ ಹೊಲಿದಳು. ನೀಲಿ ಬಟ್ಟೆಯ ಮೇಲೆ ನೀಲಿ ದಾರ ನೋಡಿ ನೋಡಿ ಕಣ್ಣು ಸೋತವು. ಓದದಿದ್ದರೆ ಅನ್ನ ಸೇರದ ಹೆಂಗಸು, ಪಾಪ, ಎರಡು ವರ್ಷ ಪುಸ್ತಕಗಳ ಧೂಳನ್ನಷ್ಟೇ ಒರೆಸಿದಳು.

ಆಮೇಲೆ ಮಗಳು ನೇತ್ರಾ ಇ-ರೀಡರ್ ತಂದುಕೊಟ್ಟಳು. ಅಕ್ಷರವನ್ನು ಅವರೆಕಾಳಿನಷ್ಟು ದಪ್ಪ ಮಾಡಬಹುದು! ಗೌರಾದೇವಿ ಅಂದು ಅತ್ತೇಬಿಟ್ಟಳು. ತೊಂದರೆಯೂ ಇತ್ತೆನ್ನಿ. ಓದುವ ಮೊದಲು ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ರೂಢಿ ಅವಳದು. ಹಣೆ ತಗುಲಿದ್ದೇ ತಡ, ಹಾಳಾದ್ದು, ಪುಟ ಹಾರುತ್ತಿತ್ತು. ಪುಸ್ತಕದ ವಾಸನೆಯಂತೂ ಇಲ್ಲವೇ ಇಲ್ಲ.

ಈ ಸಲ ಮಹಾನವಮಿಗೆ ಕತ್ತರಿ, ಹೊಲಿಗೆ ಯಂತ್ರದ ಜೊತೆ ಇ-ರೀಡರನ್ನೂ ಪೂಜೆಗಿಟ್ಟಳು.

"ಮಮ್ಮಿ, ಇಟ್ಸ್ ಜಸ್ಟ್ ಎ ಗ್ಯಾಜೆಟ್!" ಎಂದಳು ನೇತ್ರಾ.

"ಅದರಾಗ ನೂರು ಪುಸ್ತಕ ಅದಾವಲ್ಲ!"

ಹೂವಿಟ್ಟ ಮೇಲೆ ನೆನಪಾಯಿತು. ಕನ್ನಡ ಸಂಘದ ಆನ್‌ಲೈನ್ ಲೈಬ್ರರಿಯಿಂದ ಎರವಲು ತಂದ ಕಾದಂಬರಿ ಗಡುವು ಮುಗಿದು ನಾಳೆ ಮಧ್ಯಾಹ್ನ ತಾನಾಗಿಯೇ ಮಾಯವಾಗುತ್ತದೆ. ಉಳಿದದ್ದು ಕೊನೆಯ ಅಧ್ಯಾಯ. ಮನೆಬಿಟ್ಟು ಹೋಗಿದ್ದ ತಂಗಿ ಅಕ್ಕನ ಬಾಗಿಲು ತಟ್ಟಿ ನಿಂತಿದ್ದಾಳೆ. ಅಕ್ಕ ತೆಗೆಯುತ್ತಾಳೋ ಇಲ್ಲವೋ? ಪೂಜೆಗಿಟ್ಟದ್ದನ್ನು ಮರುದಿನ ಸಂಜೆ ಇಳಿಸುವವರೆಗೆ ಮುಟ್ಟುವಂತಿಲ್ಲ. ಮತ್ತೆ ಬೇಕೆಂದರೆ ಎರಡು ತಿಂಗಳ ಸರದಿ.

"ಜಸ್ಟ್ ಟೇಕ್ ಇಟ್, ಮಮ್ಮಿ. ಹೂ ವಿಲ್ ನೋ?"

"ನನಗ ಗೊತ್ತಾಗೂದಿಲ್ಲೇನು?" ಎಂದಳು. ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು.

ದಸರೆಯ ಸಂಜೆ ಹೂ ಸರಿಸಿ ನೋಡಿದರೆ ಕಾದಂಬರಿ ಇರಲಿಲ್ಲ. ಅಷ್ಟರಲ್ಲಿ ಲಿನ್‌ವುಡ್‌ನಿಂದ ಗೆಳತಿ ವಸಂತಲಕ್ಷ್ಮಿಯ ಫೋನು. ಸರದಿಯಲ್ಲಿ ಮುಂದಿನವಳು ಅವಳೇ.

"ಬುಕ್ ನಂಗೆ ಬಂತು ಕಣ್ರೀ! ಕೊನೆ ಹೇಗಿತ್ತು? ಅಯ್ಯೋ, ಬೇಡ, ಹೇಳ್ಬೇಡಿ!"

ಕತೆಯ ಕೊನೆ ಬಾಯಿಬಿಟ್ಟವರ ಜೊತೆ ತಿಂಗಳುಗಟ್ಟಲೆ ಮಾತು ಬಿಡುವ ಜಾತಿ ವಸಂತಲಕ್ಷ್ಮಿಯದು. ಗೌರಾದೇವಿ ನಡೆದದ್ದನ್ನೆಲ್ಲ ಹೇಳಿಕೊಂಡು ಬಿಕ್ಕಿದಳು.

"ಸರಿ, ಕೂತ್ಕೊಳ್ಳಿ. ಕೊನೇ ಅಧ್ಯಾಯ ನಾನೇ ಓದ್ತೀನಿ."

"ಬ್ಯಾಡ್ರೀ, ನಿಮಗ ಮಜಾ ಹೋಗತೈತಿ!"

"ಹೋಗ್ಲಿ ಬಿಡ್ರೀ. ನೀವು ಅಳ್ತಾ ಇದ್ರೆ ನಂಗೆ ಯಾವ ಮಜಾ?"

ಮುಕ್ಕಾಲು ಗಂಟೆ ಓದಿದಳು. ಗೌರಾದೇವಿ ದಣಿದ ಕಣ್ಣು ಮುಚ್ಚಿ ಕೇಳಿದಳು. ಅಕ್ಕ ಬಾಗಿಲು ತೆಗೆದಳು ಎಂಬಲ್ಲಿಗೆ ಬಂದಾಗ ತಡೆಯಲಾರದೆ ಫೋನನ್ನೇ ಕಣ್ಣಿಗೊತ್ತಿಕೊಂಡಳು. ಕಾಲ್ ಕಟ್ಟಾಯಿತು!

ಗಾಬರಿಯಿಂದ ತಿರುಗಿ ಫೋನು ಮಾಡಿದಾಗ ವಸಂತಲಕ್ಷ್ಮಿ ಬೈಯಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಓದಿದಳು.