ಹುನಗುಂದದಿಂದ ಬಂದ ಟಮಾಟಿ

ಟಮಾಟಿ ಗಿಡದ ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಒಂದು ವಾಸನೆ ಬರುತ್ತದೆ. ಹಸಿಯೂ ಹೌದು, ಕಟುವೂ ಹೌದು. ಸಾಬೂನು ಹಚ್ಚಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ಬಾಗಲಕೋಟೆಯಲ್ಲಿ ನಾನೀಗ ಬಾಡಿಗೆಗಿರುವ ಮನೆಯ ಪಕ್ಕದವರು ಕುಂಡದಲ್ಲಿ ಒಂದು ಗಿಡ ಹಚ್ಚಿದ್ದಾರೆ. ಮೊನ್ನೆ ಬೆಳಗ್ಗೆ ಒಗೆದ ಬಟ್ಟೆ ಒಣಹಾಕುವಾಗ ಕೈಗೆ ಅದು ತಾಗಿತು. ಇಂಥ ಕಡೆ ಬರೆಯುವವರೆಲ್ಲ ಮನಸ್ಸು ತಂಪಾಯಿತು ಎಂದು ಬರೆಯುತ್ತಾರೆ. ನನಗೆ ಹಾಗಾಗಲಿಲ್ಲ. ಒಳಗೆ ಓಡಿಹೋಗಿ ಗ್ಯಾಸಿನ ಗುಬ್ಬಿ ಆಫ್ ಆಗಿದೆಯೋ ಇಲ್ಲವೋ ನೋಡಿಬಂದೆ. ಆಗಿತ್ತು.

ನಮ್ಮ ಮನೆತನದವರು ಮದುವೆ, ತೊಟ್ಟಿಲು ಎಂದು ಎಲ್ಲಿ ಕೂಡಿದರೂ ಟಮಾಟಿಯ ಕತೆ ತೆಗೆಯುತ್ತಾರೆ. ಗುಳೇದಗುಡ್ಡದಲ್ಲಿ ಜವಾರಿ ಟಮಾಟಿ ಹೋಗಿ ಹೈಬ್ರಿಡ್ ಬಂದದ್ದನ್ನು ಎಲ್ಲರಿಗಿಂತ ಮೊದಲು ಗುರುತಿಸಿದವಳು ನಮ್ಮ ಆಯಿ, ಅಂದರೆ ಅಪ್ಪನ ಅವ್ವ. ಅಂಥ ನಾಲಿಗೆ ಇನ್ನು ಯಾರಿಗೂ ಬರುವುದಿಲ್ಲ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ಕತೆ ಇರಬಹುದು. ನಾನು ಮಾತ್ರ ಇದನ್ನು ನಂಬುವುದಿಲ್ಲ, ಯಾಕೆಂದರೆ ಇದನ್ನು ಕಟ್ಟಿ ನಿಲ್ಲಿಸಿದವಳು ನಾನೇ, ಹದಿಮೂರನೆಯ ವಯಸ್ಸಿನಲ್ಲಿ.

ನಮ್ಮದು ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮನೆ. ಪಡಸಾಲೆಯಲ್ಲಿ ಅಪ್ಪನದೊಂದು, ಕಾಕಾನದೊಂದು ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಖಟಖಟ ಸದ್ದು. ಆ ಸದ್ದಿನಲ್ಲೇ ನಾವು ಓದುತ್ತಿದ್ದೆವು, ಜಗಳಾಡುತ್ತಿದ್ದೆವು, ಅದು ನಿಂತರೆ ಏನಾಯಿತೆಂದು ತಲೆ ಎತ್ತುತ್ತಿದ್ದೆವು. ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಬಚ್ಚಲ ನೀರು ಹರಿದುಹೋಗುವಲ್ಲಿ ಯಾರೂ ಹಚ್ಚದ ಟಮಾಟಿ ಗಿಡಗಳು ತಾವೇ ಹುಟ್ಟಿ ನೆಲಕ್ಕೆ ಬಿದ್ದುಕೊಂಡೇ ಕಾಯಿ ಬಿಡುತ್ತಿದ್ದವು. ಗೆರೆಗೆರೆಯಾದ ಚಪ್ಪಟೆ ಹಣ್ಣು, ತೆಳುವಾದ ಸಿಪ್ಪೆ. ಮಳೆಯ ಮರುದಿನ ಬಾಯಿ ಬಿಟ್ಟಿರುತ್ತಿತ್ತು. ಆಯಿ ಅವನ್ನು ಸೆರಗಿನಲ್ಲಿ ತುಂಬಿ ತಂದು, ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ ಬಳ್ಳೊಳ್ಳಿ ಹಾಕಿ ಕುಟ್ಟುತ್ತಿದ್ದಳು. ರೊಟ್ಟಿಯ ಮೇಲೆ ಆ ಚಟ್ನಿ, ಮೇಲಿಷ್ಟು ಶೇಂಗಾಪುಡಿ. ಮಗ್ಗದ ಮೇಲಿದ್ದವರು ಆ ವಾಸನೆಗೇ ಲಾಳಿ ಕೆಳಗಿಟ್ಟು ಏಳುತ್ತಿದ್ದರು.

ಮೂರನೆಯ ಮಗ್ಗಕ್ಕೆ ಜಾಗ ಬೇಕೆಂದು ಹಿತ್ತಲಿಗೆ ತಗಡಿನ ಪತ್ರಾಸು ಹೊದಿಸಿ, ನೆಲಕ್ಕೆ ಫರಸಿ ಕಲ್ಲು ಹಾಸಿದರು. ಒಲೆ ಹೋಗಿ ಗ್ಯಾಸ್ ಬಂತು, ಅಂಗಡಿಯ ಟಮಾಟಿ ಬಂತು. ಆ ದಿನಗಳಲ್ಲೇ ಆಯಿ ಊಟಕ್ಕೆ ಕೂತಾಗ ಮುಖ ಸಣ್ಣದು ಮಾಡತೊಡಗಿದಳು.

"ಇದಕ್ಕ ರುಚಿನ ಇಲ್ಲ. ನೀರು ಕಚ್ಚಿದಂಗ ಆಗತೈತಿ."

ಕಾಕಾ ನಕ್ಕ. "ಅವ್ವಾ, ಟಮಾಟಿ ನೆಟ್ಟಗ ಅದಾವು. ನಿನ್ನ ನಾಲಿಗಿ ಸವದೈತಿ ನೋಡು."

ಆ ವರ್ಷ ನಾನು ಶಾಲೆಯ ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದೆ. ಎದುರಾಳಿಯ ಮಾತಿನಲ್ಲೇ ಸಂದು ಹುಡುಕಬೇಕು ಎಂದು ನಮ್ಮ ಟೀಚರ್ ಕಲಿಸಿದ್ದರು. "ಹಂಗಾದ್ರ ಕಾಕಾ, ನೀ ಯಾಕ ಎರಡು ಸಲ ಉಪ್ಪು ಹಾಕ್ಕೊಂಡಿ?" ಎಂದೆ. ಕಾಕಾ ತನ್ನ ತಾಟು ನೋಡಿಕೊಂಡ. ನಾನು ಬಿಡಲಿಲ್ಲ. ಅಂಗಡಿಗೆ ಬರುವ ಟಮಾಟಿ ದೂರದ ಲಾರಿ ಏರಬೇಕು, ಅದಕ್ಕೇ ಗಟ್ಟಿ ಸಿಪ್ಪೆಯ ತಳಿ ಬೇಕು. ಗಿಡದ ಮೇಲೆ ಹಣ್ಣಾದರೆ ದಾರಿಯಲ್ಲಿ ಒಡೆಯುತ್ತದೆ, ಅದಕ್ಕೇ ಕಾಯಿದ್ದಾಗಲೇ ಕೀಳುತ್ತಾರೆ. ಕ್ರೇಟಿನಲ್ಲಿ ಬಣ್ಣ ಬರುತ್ತದೆ, ರುಚಿ ಎಲ್ಲಿಂದ ಬರಬೇಕು? ಮೇಲೆ ನಾವು ಅದನ್ನು ಫ್ರಿಜ್ಜಿನಲ್ಲಿಟ್ಟು ಉಳಿದದ್ದನ್ನೂ ಕೊಲ್ಲುತ್ತೇವೆ.

"ವಕೀಲರು ಬಂದ್ರಪಾ, ಇನ್ನ ಸುಮ್ನಾಗಬೇಕು," ಎಂದ ಕಾಕಾ. ಅಪ್ಪ ತಲೆದೂಗಿದ. ಆಯಿ ನನ್ನ ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಕಾಕಾನ ಹೆಂಡತಿ ಚಿಗವ್ವ ಮಾತ್ರ ರೊಟ್ಟಿ ಬಡಿಯುತ್ತಲೇ ಆಯಿಯ ಮುಖ ನೋಡಿದಳು.

ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಇವತ್ತಿಗೂ ವಾದಿಸುತ್ತೇನೆ. ನಿಮಗೆ ರುಚಿಯ ಟಮಾಟಿ ಬೇಕೆಂದರೆ ಹೊಳೆಯುವುದನ್ನು ಬಿಡಿ. ಸಂತೆಯ ಅಂಚಿನಲ್ಲಿ ಒಂದೇ ಬುಟ್ಟಿ ಇಟ್ಟುಕೊಂಡು ಕೂತಾಕೆಯನ್ನು ಹುಡುಕಿ. ಐಹೊಳೆ ಕಡೆಯ ಹೊಲದ ಬದುವಿನಿಂದ ಹರಿದು ತಂದಿರುತ್ತಾಳೆ. ಯಾವ ಊರಿನದೆಂದು ಕೇಳಿ, ತೊಟ್ಟಿನ ಬುಡ ಮೂಸಿ ನೋಡಿ, ಒಡೆದದ್ದಿದ್ದರೂ ತನ್ನಿ. ನಾಳೆಗೆ ಉಳಿಯದ ಹಣ್ಣೇ ಇವತ್ತಿಗೆ ರುಚಿ. ಆದರೆ ಆಯಿಯ ಬಾಯಲ್ಲಿ ಏನಾಗುತ್ತಿದೆ ಎಂಬುದಕ್ಕೆ ಇದು ಉತ್ತರವಾಗಿರಲಿಲ್ಲ. ಆಗ ಆಕೆ ಪೂಜೆಗೆ ಒಂದರ ಬದಲು ನಾಲ್ಕು ಊದಿನಕಡ್ಡಿ ಹಚ್ಚತೊಡಗಿದ್ದಳು. ಭಕ್ತಿ ಹೆಚ್ಚಾಯಿತು ಎಂದುಕೊಂಡೆವು. ಹಾಲು ಹೊತ್ತಿದ ವಾಸನೆ ಪಡಸಾಲೆಗೆ ಬಂದರೂ ಪಕ್ಕದಲ್ಲೇ ಕೂತ ಆಕೆ ಏಳುತ್ತಿರಲಿಲ್ಲ. ಮೊಣಕಾಲು ನೋವು ಎಂದುಕೊಂಡೆವು. ವಾದ ಗೆದ್ದ ಮನೆಯಲ್ಲಿ ಮತ್ತೊಂದು ಕಾರಣವನ್ನು ಯಾರು ಹುಡುಕುತ್ತಾರೆ?

ಅದಾದ ಮೇಲೆ ಚಿಗವ್ವ ತವರಿಗೆಂದು ಹುನಗುಂದಕ್ಕೆ ಹೋದವಳು, ಬರುವಾಗ ಒಂದು ಚೀಲ ಜವಾರಿ ಟಮಾಟಿ ತಂದಳು. ಬಸ್ಸಿನ ಕುಲುಕಾಟಕ್ಕೆ ಅರ್ಧ ಒಡೆದು ಚೀಲವೆಲ್ಲ ತೊಯ್ದಿತ್ತು. ಚೀಲ ಬಿಚ್ಚಿದ್ದೇ ತಡ ಮನೆ ತುಂಬ ಹುಳಿಹುಳಿ ವಾಸನೆ. ಚಿಗವ್ವ ಒಂದು ಹಣ್ಣನ್ನು ಹೋಳು ಮಾಡಿ, ಉಪ್ಪು ಸವರಿ ಆಯಿಯ ಕೈಗೆ ಕೊಟ್ಟಳು. ನಾವೆಲ್ಲ ಸುತ್ತ ನಿಂತಿದ್ದೆವು. ಆಯಿ ಕಚ್ಚಿದಳು, ಅಗಿದಳು. ಅಗಿಯುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಕೊನೆಗೆ ನನ್ನದನ್ನು.

"ಹಾಂ. ಟಮಾಟಿ ಅಂದ್ರ ಇದು," ಎಂದಳು.

ನಾನು ಕಾಕಾನ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಮರುದಿನ ಶಾಲೆ ಬೇಗ ಬಿಟ್ಟಿತು. ಪಡಸಾಲೆ ದಾಟುತ್ತಲೇ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ನೂಲಿನ ವಾಸನೆಯಲ್ಲೇ ಮುಳುಗಿದ್ದ ಅಪ್ಪನಿಗೂ ಕಾಕಾನಿಗೂ ಅಲ್ಲಿಯವರೆಗೆ ಅದು ತಲುಪಿರಲಿಲ್ಲ. ಚಿಗವ್ವ ನೀರಿಗೆಂದು ನಳಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ಆಯಿ ಒಬ್ಬಳೇ ಕೂತಿದ್ದಳು. ಗುಬ್ಬಿ ತಿರುವಿಟ್ಟು ಟಮಾಟಿ ತೊಳೆಯಲು ಎದ್ದವಳು ಅದನ್ನು ಮರೆತೇಬಿಟ್ಟಿದ್ದಳು. ಈಗ ಮಡಿಲಲ್ಲಿ ಹುನಗುಂದದ ಹಣ್ಣು, ಕೈಯಲ್ಲಿ ಕಡ್ಡಿಪೆಟ್ಟಿಗೆ. ಕಡ್ಡಿ ಹೊರಗೆ ತೆಗೆದಿದ್ದಳು. ನಾನು ಅದನ್ನು ಕಸಿದುಕೊಂಡೆ, ಗುಬ್ಬಿ ತಿರುವಿದೆ, ಕಿಟಕಿ ಬಾಗಿಲು ತೆರೆದೆ.

"ಆಯಿ, ವಾಸನಿ ಬರಲಿಲ್ಲೇನು ನಿನಗ?"

ಆಕೆ ಮಡಿಲಿನ ಹಣ್ಣೊಂದನ್ನು ಮೂಗಿಗೆ ಹಿಡಿದು ಕೆಳಗಿಟ್ಟಳು. "ಯಾವ ವಾಸನಿನೂ ಬರಂಗಿಲ್ಲ ತಂಗಿ. ಭಾಳ ದಿನಾ ಆತು."

"ಮತ್ತ ನಿನ್ನೆ ರುಚಿ ಐತಿ ಅಂದಿ?"

"ನೀ ಅಷ್ಟ ಹೊಡದಾಡಿದ್ದಿ ನನ್ನ ಸಲುವಾಗಿ." ಆಮೇಲೆ ನನ್ನ ಮಣಿಕಟ್ಟು ಹಿಡಿದು ಹೇಳಿದಳು, "ಯಾರ ಮುಂದೂ ಹೇಳಬ್ಯಾಡ. ಇಲ್ಲಿಂದ ಎಬ್ಬಿಸ್ತಾರ ನನ್ನ. ಎದ್ದು ನಾ ಎಲ್ಲಿ ಕೂಡ್ಲಿ?"

ನಾನು ಹೇಳಲಿಲ್ಲ. ಅಂದಿನಿಂದ ಪ್ರತಿದಿನ ಊಟದ ಬಿಡುವಿನಲ್ಲಿ ಶಾಲೆಯಿಂದ ಓಡಿಬರುತ್ತಿದ್ದೆ. ಓಣಿಯ ತಿರುವಿಗೆ ಬಂದಾಗ ಮಗ್ಗದ ಸದ್ದು ಕೇಳಿದರೆ ಮನೆ ಇದೆ ಎಂದು ಅರ್ಥ. ಯಾವುದೋ ಎಳೆ ಹರಿದು ಮಗ್ಗ ನಿಂತಿದ್ದರೆ ಮಿಕ್ಕ ಹತ್ತು ಹೆಜ್ಜೆ ಹೇಗೆ ಇಟ್ಟೆನೋ ತಿಳಿಯುತ್ತಿರಲಿಲ್ಲ. ಗಣಿತದ ತಾಸಿನಲ್ಲಿ, ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಕೂಡ, ಮೂಗು ಗಾಳಿಯನ್ನು ಹುಡುಕುತ್ತಿತ್ತು. ಆದರೆ ಓಡಿಬಂದು ನೋಡಿದಾಗಲೆಲ್ಲ ಗುಬ್ಬಿಯಷ್ಟೇ ಅಲ್ಲ, ಸಿಲಿಂಡರಿನ ಮೇಲಿನ ರೆಗ್ಯುಲೇಟರ್ ಕೂಡ ಬಂದ್ ಆಗಿರುತ್ತಿತ್ತು. ಆಯಿ ಹುಷಾರಾಗಿದ್ದಾಳೆ ಎಂದುಕೊಳ್ಳುತ್ತಿದ್ದೆ. ಆ ರೆಗ್ಯುಲೇಟರ್ ಆಕೆಯ ಕೈಗೆ ತಿರುಗದಷ್ಟು ಬಿಗಿ ಎಂಬುದು ಗೊತ್ತಿದ್ದೂ, ಬೇರೆ ಯಾರೋ ತಿರುವಿರಬೇಕು ಎಂದು ಹೊಳೆಯಲಿಲ್ಲ.

ಆಯಿ ಇನ್ನೂ ಎರಡು ವರ್ಷ ಒಲೆಯ ಮುಂದೆಯೇ ಕೂತಿದ್ದಳು. ಕೊನೆಯ ಆರು ತಿಂಗಳು ನನ್ನನ್ನು ತನ್ನ ಮಗಳ, ಅಂದರೆ ನನ್ನ ಅತ್ತೆಯ, ಹೆಸರಿನಿಂದ ಕರೆಯುತ್ತಿದ್ದಳು, ಸತ್ತುಹೋದವರು ಉಂಡರೋ ಎಂದು ವಿಚಾರಿಸುತ್ತಿದ್ದಳು. ಮೂಗು ಹೋದದ್ದು ಬರಿಯ ವಯಸ್ಸೋ, ತಲೆಯೊಳಗೆ ಆಗಲೇ ಏನೋ ಶುರುವಾಗಿತ್ತೋ, ದವಾಖಾನೆಗೆ ತೋರಿಸಿದ್ದರೆ ಏನಾದರೂ ಆಗುತ್ತಿತ್ತೋ, ನನಗೆ ಗೊತ್ತಿಲ್ಲ. ಯಾವ ಪಕ್ಷದಲ್ಲಿ ನಿಂತು ವಾದಿಸಿದರೂ ನಾನೇ ಸೋಲುತ್ತೇನೆ. ಆಕೆ ಹೋದ ಮೇಲೆ ಮಗ್ಗಗಳನ್ನು ಬಿಚ್ಚಿದರು, ಮನೆ ಕೈ ಬದಲಾಯಿತು. ಈಗ ಅಲ್ಲಿ ಎರಡಂತಸ್ತಿನ ಕಟ್ಟಡವಿದೆ. ಕಾಕಾ ಮತ್ತು ಚಿಗವ್ವ ಹುನಗುಂದದಲ್ಲಿದ್ದಾರೆ.

ಹೋದ ತಿಂಗಳು ಅವರಲ್ಲಿಗೆ ಹೋಗಿದ್ದೆ. ಊಟದ ಹೊತ್ತಿಗೆ ಕಾಕಾ ಮತ್ತೆ ಆಯಿಯ ನಾಲಿಗೆಯ ಕತೆ ತೆಗೆದ. ನಾನು ಎದ್ದು ಒಳಗೆ ಹೋದೆ. ಚಿಗವ್ವ ಚಹಾ ಸೋಸಿ, ಗುಬ್ಬಿ ಆರಿಸಿ, ಬಗ್ಗಿ ರೆಗ್ಯುಲೇಟರನ್ನೂ ತಿರುವಿದಳು, ಯೋಚನೆಯೇ ಇಲ್ಲದೆ, ವರ್ಷಗಟ್ಟಲೆ ಮಾಡಿದವರ ಹಾಗೆ. ನಾನು ಬಾಗಿಲಲ್ಲೇ ನಿಂತೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ನಾನು ಏನನ್ನು ನೋಡಿದೆನೆಂದು ಅವಳಿಗೆ ತಿಳಿಯಿತು.

"ಚಿಗವ್ವ, ಅವತ್ತ ಆ ಟಮಾಟಿ ತಂದದ್ದು ಆಯಿಗೆ ತಿನ್ನಸಾಕೋ, ಆಕಿಗೆ ವಾಸನಿ ಬರತೈತೋ ಇಲ್ಲೋ ನೋಡಾಕೋ?"