ಬಿಸಿಲು ಕಂಡ ಮಣ್ಣು

ಅಥವಾ ಅದು ಸ್ಟೀಲ್ ಡಬ್ಬಿ ಆಗಿರಲಿಲ್ಲವೇನೋ, ಬಟ್ಟೆಯ ಚೀಲವೇ ಇದ್ದಿರಬೇಕು. ಅಕ್ಕ ಕಂಪ್ಲಿಯಿಂದ ಬರುವಾಗಲೆಲ್ಲ ಡಬ್ಬಿಯಲ್ಲಿ ಏನಾದರೂ ತರುತ್ತಾಳೆ. ಅದಕ್ಕೇ ನನ್ನ ನೆನಪು ಅವಳ ಕೈಗೆ ಡಬ್ಬಿ ಕೊಟ್ಟಿದೆ. ಹೊಸಪೇಟೆಯ ನಮ್ಮ ಲ್ಯಾಬಿನ ಬಾಗಿಲಲ್ಲಿ ಅವಳು ನಿಂತದ್ದು ಮಾತ್ರ ನಿಜ. ತಂದದ್ದು ಮಣ್ಣು.

ಅವಳ ಹಿತ್ತಿಲಿನ ಪಕ್ಕ ಬೇರೆಯವರ ಭತ್ತದ ಗದ್ದೆ. ಗದ್ದೆಗೆ ಎಣ್ಣೆ ಹೊಡೆಯಲು ಬಂದವರು (ನಮ್ಮ ಕಡೆ ಕೀಟನಾಶಕಕ್ಕೆ ಹಾಗೆನ್ನುತ್ತಾರೆ) ಉಳಿದದ್ದನ್ನು ಅವಳ ಹಿತ್ತಿಲ ಮೂಲೆಗೆ ಚೆಲ್ಲಿ, ಪಂಪನ್ನೂ ಅಲ್ಲೇ ತೊಳೆದು ಹೋಗಿದ್ದರು. ಅವಳಿಗೆ ಮೆಂತ್ಯ ಬಿತ್ತಲು ಇದ್ದದ್ದು ಅದೊಂದೇ ಮೂಲೆ. ಮಗಳು ಹೆರಿಗೆಗೆ ಬಂದಿದ್ದಳು. ಅಲ್ಲಿ ಬೆಳೆದದ್ದನ್ನು ಅವಳಿಗೆ ಉಣಿಸಬಹುದೋ ಬಾರದೋ, ಅಕ್ಕನಿಗೆ ಅಷ್ಟು ತಿಳಿದರೆ ಸಾಕಿತ್ತು.

"ಅಕ್ಕಿ ಹಸನು ಮಾಡಿದಂಗ ಮಾಡೀನಿ ನೋಡಲೇ ತಮ್ಮಾ, ಒಂದು ಹಳ್ಳು ಇಲ್ಲ. ಮಾಳಿಗಿ ಮ್ಯಾಲೆ ಸಂಡಿಗಿ ಹಾಕಿದಂಗ ಹರವಿ ಒಣಗಿಸೀನಿ."

ನೆರಳಲ್ಲಿ ಒಣಗಿಸಬೇಕಿತ್ತು, ಬಿಸಿಲಿಗೆ ಕೆಲವು ಕೀಟನಾಶಕ ಔಷಧಿಗಳು ಒಡೆದುಹೋಗುತ್ತವೆ ಎಂದೆ. ಹಸಿ ಮಣ್ಣು ಕೊಟ್ಟರೆ ನಿನ್ನ ಅಕ್ಕನಿಗೆ ಒಣಗಿಸಲೂ ಬರುವುದಿಲ್ಲ ಎಂದು ನಿಮ್ಮ ಲ್ಯಾಬಿನವರು ನಗುವುದಿಲ್ಲವೇ ಎಂದಳು.

ಮಣ್ಣಿಗೆ ದ್ರಾವಕ ಬೆರೆಸಿ, ಬಿಗಿಯಾಗಿ ಮುಚ್ಚಿ, ಮೈಕ್ರೋವೇವ್ ಯಂತ್ರದಲ್ಲಿ ಕಾಯಿಸಿದರೆ ಮಣ್ಣು ಹಿಡಿದಿಟ್ಟುಕೊಂಡ ಔಷಧಿ ದ್ರಾವಕಕ್ಕೆ ಇಳಿಯುತ್ತದೆ. ಹಾಗೆ ಮಾಡಿದೆ. ಏನೂ ಸಿಗಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಅದನ್ನೇ ಹೇಳಿದೆ, ಜೊತೆಗೆ ಇನ್ನೊಮ್ಮೆ ನೋಡುತ್ತೇನೆ, ತಡಿ ಎಂದೆ. ತಡಿ ಎಂದ ನೆನಪು ನನಗಿದೆ. ಅವಳಿಗಿಲ್ಲ.

ಯಂತ್ರದ ಶಾಖ, ಅದಕ್ಕೆ ಮೊದಲು ಲ್ಯಾಬಿಗೆ ಬಂದಿದ್ದ ಸಂಡೂರಿನ ಕೆಂಪು ಮಣ್ಣಿನ ಮಾದರಿಗಳಿಗೆ ಇಟ್ಟಷ್ಟೇ ಇತ್ತು. ಅವುಗಳಲ್ಲಿ ಹುಡುಕುತ್ತಿದ್ದ ಔಷಧಿ ಬಿಸಿಗೆ ಒಡೆಯದ ಗಟ್ಟಿಯದು. ಇದು ಹಾಗಿರಲಿಕ್ಕಿಲ್ಲ. ಎಣ್ಣೆ ಹೊಡೆದವರು ಎಸೆದಿದ್ದ ಖಾಲಿ ಡಬ್ಬದ ಫೋಟೋವನ್ನು ಅಕ್ಕ ಕಳಿಸಿದ್ದಳು. ಅದೇ ಔಷಧಿಯನ್ನು ಅಳೆದು ಅವಳ ಮಣ್ಣಿಗೇ ಸೇರಿಸಿ ಕಾಯಿಸಿದೆ. ಹಾಕಿದ್ದರಲ್ಲಿ ಅರ್ಧದಷ್ಟೂ ವಾಪಸು ಬರಲಿಲ್ಲ. ಹುಡುಕುವ ಬಿಸಿಯೇ ಹುಡುಕುವ ವಸ್ತುವನ್ನು ತಿನ್ನುತ್ತಿತ್ತು. ಶಾಖ ಇಳಿಸಿದೆ. ಈಗ ಹಾಕಿದ್ದು ಹೆಚ್ಚುಕಡಿಮೆ ಪೂರ್ತಿ ಬಂತು. ಅದೇ ಶಾಖದಲ್ಲಿ, ಏನೂ ಸೇರಿಸದೆ ಉಳಿಸಿದ್ದ ಅಕ್ಕನ ಮಣ್ಣನ್ನು ಇಟ್ಟೆ. ಮತ್ತೆ ಏನೂ ಇಲ್ಲ.

ಇಷ್ಟರಲ್ಲಿ ಕೆಲವು ವಾರ ಕಳೆದಿದ್ದವು. ಯಂತ್ರದ ಮೇಲಿನ ಅನುಮಾನ ಹೋಯಿತು, ಮಾಳಿಗೆಯ ಬಿಸಿಲಿನ ಮೇಲಿನದು ಉಳಿಯಿತು. ಆ ಮೂಲೆಯಿಂದ ಹಸಿ ಮಣ್ಣು ತೆಗೆದು, ಬೆಳಕು ತಾಗದಂತೆ ಕಟ್ಟಿ ಕಳಿಸು ಎಂದು ಫೋನು ಮಾಡಿದೆ.

"ಈಗ್ಯಾಕಪಾ? ನೀ ಏನೂ ಇಲ್ಲ ಅಂದ ದಿನಾನ ಅಗದು, ಗೊಬ್ಬರ ಕಲಿಸಿ ಬಿತ್ತೀನಿ. ನಿನ್ನೆ ಒಂದು ಹಿಡಿ ಎಳೇ ಸೊಪ್ಪು ಬ್ಯಾಳಿಗೆ ಹಾಕಿದ್ನಿ."

ಯಾರು ಉಂಡರು ಎಂದು ಕೇಳಿದೆ. ಮಗಳಿಗೇ ಬಡಿಸಿದೆ, ಮತ್ಯಾರಿಗೆ ಎಂದಳು. ಉಳಿದದ್ದನ್ನು ಕಿತ್ತುಬಿಡು ಎಂದೆ.

"ಐತೋ ಇಲ್ಲೋ, ಒಂದ ಮಾತು ಹೇಳು."

ಸಿಕ್ಕಿಲ್ಲ ಎನ್ನಬಲ್ಲೆ, ಇಲ್ಲ ಎನ್ನಲಾರೆ ಎಂದೆ. ಸೊಪ್ಪನ್ನು ಅವಳು ಕಿತ್ತಳು. ಆ ಮೂಲೆಯ ಮಣ್ಣು ಆಗಲೇ ಗೊಬ್ಬರದೊಳಗೆ ಕಲೆತುಹೋಗಿತ್ತು, ಪರೀಕ್ಷೆಗೆ ಬರುವಂತಿರಲಿಲ್ಲ. ಮಗಳು ಚೆನ್ನಾಗಿದ್ದಾಳೆ, ಕೂಸೂ ಚೆನ್ನಾಗಿದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಅಲ್ಲಿ ಮೊದಲಿಗೇ ಎಣ್ಣೆ ಉಳಿದಿರಲಿಲ್ಲವೋ, ಉಳಿದದ್ದು ಮಾಳಿಗೆಯ ಬಿಸಿಲಿಗೆ ಹೋಯಿತೋ, ನನಗೆ ಗೊತ್ತಿಲ್ಲ.