ಟೋಪಿಯ ಒಳಗಿನ ಬಾಣ

ನಾನು ಹುಟ್ಟು ಪುಕ್ಕಲಿ. ಗುಡುಗಿಗೆ ಹೆದರುತ್ತಿದ್ದೆ, ದಂಡಿನ ಲಾರಿಗೆ ಹೆದರುತ್ತಿದ್ದೆ. ಕಿಟಕಿಗೆ ಅಂಟಿಸಿದ ಕಪ್ಪು ಕಾಗದ ಕಳಚಿಕೊಂಡರೆ ನಮ್ಮ ಮನೆಯ ಬುಡ್ಡಿ ದೀಪ ಕಂಡೇ ಜಪಾನಿನವರು ಹಲಸೂರಿಗೆ ಬಾಂಬು ಹಾಕುತ್ತಾರೆಂದು ನಡುಗುತ್ತಿದ್ದೆ. ಯುದ್ಧದ ಆ ವರ್ಷಗಳಲ್ಲಿ ಹೆದರಲು ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಆದರೂ ನನ್ನನ್ನು ಈಗಲೂ ಕಾಡುವುದು ಬಾಂಬಲ್ಲ, ನಾನೇ ಕೈಯಾರೆ ಹೊಲಿದ ಒಂದು ಟೋಪಿ.

ಆಗ ನನಗೆ ಹದಿನೇಳು. ಅಪ್ಪ ದಂಡಿನವರ ಉಡುಪು ಹೊಲಿಯುವ ಡಿಪೋದಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಅಮ್ಮ ಅಕ್ಕನ ಬಾಣಂತನಕ್ಕೆಂದು ಕೃಷ್ಣರಾಜಪುರಕ್ಕೆ ಹೋಗಿದ್ದಳು. ಮನೆಯಲ್ಲಿ ಉಳಿದವರು ನಾನು, ಅಪ್ಪ, ಒಂದು ಹಳೇ ಹೊಲಿಗೆ ಮಿಷನ್ನು. ಅಕ್ಕಪಕ್ಕದವರ ರವಿಕೆ ಹೊಲಿದು ನನಗೆ ಒಂದಿಷ್ಟು ಹೆಸರು ಬಂದಿತ್ತು, ಹೆಸರಿಗಿಂತ ಹೆಚ್ಚು ಜಂಭ ಬಂದಿತ್ತು.

ಕುಕ್ ಟೌನಿನ ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ ಒಂದು ಚಿತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಶಾಲೆಯಲ್ಲಿ ಇಂಗ್ಲಿಷ್ ನಾಟಕವಂತೆ. ನೂರೈವತ್ತು ವರ್ಷ ಹಿಂದಿನ ದೊರೆಯೊಬ್ಬನ ವೇಷಕ್ಕೆ ಮೂರು ಮೂಲೆಯ ಕಪ್ಪು ಟೋಪಿ ಬೇಕಂತೆ.

"ಅಂಗಡೀಲಿ ಎಲ್ಲೂ ಸಿಗಲ್ಲಮ್ಮ. ನಿನ್ನ ಕೈಲಿ ಆಗತ್ತಾ?" ಎಂದರು.

"ಆಗತ್ತೆ ಬಿಡಿ ಟೀಚರಮ್ಮ," ಅಂದೆ. ಅಂಥ ಟೋಪಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಅವರು ಕೊಟ್ಟುಹೋದ ಹಳೇ ಕಪ್ಪು ಕೋಟನ್ನು ಬಿಚ್ಚಿದೆ. ಟೋಪಿ ಗಟ್ಟಿ ನಿಲ್ಲಲೆಂದು ಹಳೇ ಪತ್ರಿಕೆಗಳನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಅಂಟಿಸಿ, ತಲೆಯಳತೆಯ ಪಾತ್ರೆಯ ಮೇಲೆ ಬೋರಲು ಹಾಕಿ ಒಣಗಿಸಿದೆ. ಅದರ ಮೇಲೆ ಕೋಟಿನ ಬಟ್ಟೆ. ಆ ದಪ್ಪಕ್ಕೆ ಮಿಷನ್ನಿನ ಸೂಜಿ ಪಟ್ಟನೆ ಮುರಿಯಿತು. ಮುಂದಿನದೆಲ್ಲ ಕೈಹೊಲಿಗೆ: ದಬ್ಬಳದಿಂದ ತೂತು ಹಾಕಿ, ದಾರ ಎಳೆದು, ಅಂಚನ್ನು ಮೂರು ಕಡೆ ಮೇಲಕ್ಕೆ ಮಡಿಸಿ ಬಿಗಿದೆ. ಬೆರಳ ತುದಿ ಜರಡಿಯಾಯಿತು.

ಒಳಗಿನ ಅಸ್ತರಿಗೆ ಬಟ್ಟೆ ಉಳಿದಿರಲಿಲ್ಲ. ಹಿಂದಿನ ಶನಿವಾರ ಅಪ್ಪನ ಊಟದ ಕ್ಯಾರಿಯರು ಸೋರಿತ್ತೆಂದು ಅದನ್ನೊಂದು ಖಾಕಿ ತುಂಡಿನಲ್ಲಿ ಸುತ್ತಿ ತಂದಿದ್ದರು. ಆ ತುಂಡನ್ನು ಒಗೆದು ಮಡಿಸಿಟ್ಟಿದ್ದೆ. ಮೂಲೆಯಲ್ಲೊಂದು ಮಾಸಲು ಗುರುತಿತ್ತು, ಸಾರಿನ ಕಲೆ ಅಂದುಕೊಂಡೆ. ಯಾರನ್ನೂ ಕೇಳದೆ ಕತ್ತರಿಸಿ, ಅಂಟು ಬಳಿದು ಒಳಗೆ ಕೂರಿಸಿ, ಸುತ್ತ ಹೊಲಿದುಬಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಅಂಟಿನ ತೇವಕ್ಕೆ ಹಿಂಬದಿಯ ಮಸಿ ಈ ಬದಿಗೆ ಇಳಿದು ಆ ಕಲೆ ಕಪ್ಪಗೆ ಎದ್ದು ನಿಂತಿತ್ತು. ಕಾಗೆ ಕಾಲಿನಂಥ ಬಾಣ. ದಂಡಿನ ಮಾಲಿಗೆ ಹಾಕುವ ಸರ್ಕಾರಿ ಗುರುತು.

 ನಮ್ಮ ಹಿಂದಿನ ಬೀದಿಯಲ್ಲಿ ಆ ಗುರುತಿದ್ದ ಒಂದೇ ಒಂದು ಕಂಬಳಿ ಸಿಕ್ಕಿತೆಂದು ಮನೆಯ ಯಜಮಾನನನ್ನು ಪೊಲೀಸರು ಎಳೆದುಕೊಂಡು ಹೋಗಿದ್ದರು. ಅಪ್ಪನಿಗೆ ಹೇಳಬೇಕೆಂದು ಅಡುಗೆಮನೆ ಬಾಗಿಲವರೆಗೆ ಹೋದೆ. ಅವರು ಮುದ್ದೆ ಮುರಿಯುತ್ತಾ ಕೂತಿದ್ದರು. ಹೇಳದೆ ಹಾಗೇ ತಿರುಗಿ ಬಂದೆ.

ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಲೆಯ ಮೇಲೆ ಕೂತ ಟೋಪಿಯ ಒಳಗನ್ನು ಯಾರು ನೋಡುತ್ತಾರೆ? ನಮ್ಮ ಗಂಡಸರು ಹಿರಿಯರೆದುರು ರುಮಾಲು ತೆಗೆಯುವವರಲ್ಲ, ತಲೆ ಬರಿದಾಗಿದ್ದರೆ ಸುತ್ತಿಕೊಂಡು ಬರುವವರು. ಅಪ್ಪನೂ ಸಾಹೇಬರ ಮುಂದೆ ಕಾಲಿನ ಚಪ್ಪಲಿ ಬಿಡುತ್ತಿದ್ದರೇ ಹೊರತು ತಲೆಯ ಟೋಪಿ ಮುಟ್ಟುತ್ತಿರಲಿಲ್ಲ. ಆ ಧೈರ್ಯದ ಮೇಲೆ ಟೋಪಿ ಕೊಟ್ಟು ಬಂದೆ.

ನಾಟಕ ಶುಕ್ರವಾರ ಮಧ್ಯಾಹ್ನ. ಗುಂಡಿ ಕಿತ್ತರೆ ಹೊಲಿಯಲು ಇರು ಎಂದು ಟೀಚರಮ್ಮ ನನ್ನನ್ನು ವೇಷದ ಕೋಣೆಯಲ್ಲಿ ಕೂರಿಸಿದ್ದರು. ಪರದೆಯ ಸಂದಿಯಿಂದ ಇಣುಕಿದೆ. ಮುಂದಿನ ಸಾಲಿನ ತುಂಬ ದಂಡಿನ ಅಧಿಕಾರಿಗಳು. ಈಚೆ, ದೊರೆ ವೇಷದ ಹುಡುಗಿ ಕನ್ನಡಿಯೆದುರು ಅಭ್ಯಾಸ ಮಾಡುತ್ತಿದ್ದಳು. ಟೋಪಿ ತೆಗೆದು, ಅಂಗಾತ ಮಾಡಿ ಮುಂದಕ್ಕೆ ಚಾಚಿ, ನಡು ಬಗ್ಗಿಸಿದಳು. ಕನ್ನಡಿಯ ತುಂಬ ಬಾಣವೇ ಕಂಡಿತು.

"ಟೋಪಿ ಯಾಕೆ ತೆಗೀತೀಯಮ್ಮ?" ಎಂದೆ.

"ದೊಡ್ಡೋರ ಮುಂದೆ ಇಂಗ್ಲಿಷ್‌ನೋರು ಹಂಗೇ ಮಾಡೋದಕ್ಕ. ಮೂರು ಸಲ ತೆಗೀಬೇಕು. ಕೊನೇ ಸಲ ಮುಂದಿನ ಸಾಲಿನ ಹತ್ರಾನೇ ಹೋಗಿ."

 ಹೊಲಿಗೆ ಬಿಟ್ಟಿದೆ ಎಂದು ಸುಳ್ಳು ಹೇಳಿ ಟೋಪಿ ಕಿತ್ತುಕೊಂಡೆ. ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದು, ಅಸ್ತರನ್ನು ಪತ್ರಿಕೆಯ ಚೂರುಗಳ ಸಮೇತ ಕಿತ್ತೆ. ನನ್ನ ದಾವಣಿಯ ಸೆರಗು ಹರಿದು ಒಳಗೆ ತುರುಕಿ, ಹತ್ತು ಹೊಲಿಗೆ ಹಾಕಿದೆ. ಹುಡುಗಿ ಟೋಪಿ ಇಟ್ಟುಕೊಂಡು ರಂಗಕ್ಕೆ ಓಡಿದಳು. ಮೂರು ಸಲ ತೆಗೆದಳು, ಮೂರು ಸಲವೂ ನನ್ನ ಜೀವ ಬಾಯಿಗೆ ಬಂತು. ಕೊನೆಗೆ ಒಬ್ಬ ಅಧಿಕಾರಿಯ ಮೂಗಿನ ಕೆಳಗೇ ಹಿಡಿದಳು. ಅವನು ಕೆಂಪು ಚುಕ್ಕಿಯ ನನ್ನ ದಾವಣಿ ನೋಡಿ ನಕ್ಕು ಚಪ್ಪಾಳೆ ತಟ್ಟಿದ.

ಆ ಖಾಕಿ ತುಂಡನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಮನೆಗೆ ನಡೆದೆ. ದಾರಿಯುದ್ದಕ್ಕೂ ಹಿಂದೆ ಬಂದ ಸೈಕಲ್ಲೆಲ್ಲ ಪೊಲೀಸರ ಸೈಕಲ್ಲೇ. ಬಂದವಳೇ ಅದನ್ನು ಬಚ್ಚಲ ಒಲೆಗೆ ಹಾಕಿ, ಬಾಣ ಸುಟ್ಟು ಬೂದಿಯಾಗುವವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅಪ್ಪ ಉಳಿದರು ಅಂದುಕೊಂಡೆ.

ಸಂಜೆ ಅಪ್ಪ ಬಂದರು. ಕ್ಯಾರಿಯರು ಕೆಳಗಿಡದೆ ನಿಂತೇ ಕೇಳಿದರು.

"ಶನಿವಾರ ಕ್ಯಾರಿಯರಿಗೆ ಸುತ್ಕೊಂಡು ಬಂದಿದ್ನಲ್ಲ, ಆ ತುಂಡು ಎಲ್ಲಮ್ಮ?"

"ಯಾಕಪ್ಪ?"

"ಅದು ಖಾಕಿ ಬಟ್ಟೆಯ ತಾನಿನ ಕೊನೇ ತುಂಡಂತೆ. ಬಟ್ಟೆ ಕತ್ತರಿಸಿದ ಮೇಲೆ ಗುರುತಿರೋ ತುಂಡನ್ನ ವಾಪಸ್ ಒಪ್ಪಿಸ್ಬೇಕು. ನಾಲ್ಕು ದಿನದಿಂದ ಹುಡುಕ್ತಿದಾರೆ. ಇವತ್ತು ನಂಗೆ ಜ್ಞಾಪಕ ಬಂತು, ಹೋಗಿ ಒಪ್ಕೊಂಡೆ. ನಾಳೆ ತಂದಿಡು ಸಾಕು, ಹರಿದಿದ್ರೂ ಪರವಾಗಿಲ್ಲ, ಗುರುತು ಇರ್ಬೇಕು ಅಂದ್ರು ಸಾಹೇಬ್ರು."

ನಾನು ಬಚ್ಚಲ ಒಲೆ ತೋರಿಸಿದೆ. ಅಳುತ್ತಾ ಎಲ್ಲವನ್ನೂ ಹೇಳಿದೆ. ಅಪ್ಪ ಒಂದು ಕಡ್ಡಿ ತೆಗೆದುಕೊಂಡು ಬೂದಿ ಕೆದಕಿದರು. ಏನೂ ಸಿಗಲಿಲ್ಲ.

"ಮೊದಲನೇ ದಿನವೇ ನನ್ನ ಹತ್ರ ಒಂದ್ಮಾತು ಹೇಳ್ಬಾರ್ದಾಗಿತ್ತಾ," ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಮರುದಿನ ಕ್ಯಾರಿಯರನ್ನು ಒಗೆದ ಬಿಳಿ ಟವೆಲಿನಲ್ಲಿ ಕಟ್ಟಿಕೊಟ್ಟೆ. ಅಪ್ಪ ಹೋದ ಮೇಲೆ ಹೊಸ್ತಿಲು ಬಿಟ್ಟು ಕದಲಲಿಲ್ಲ. ದಿನವೂ ದೀಪ ಹಚ್ಚುವ ಹೊತ್ತಿಗೆ ಬರುವವರು ಅಂದು ಬಿಸಿಲು ನೆತ್ತಿಯ ಮೇಲಿರುವಾಗಲೇ ಬೀದಿ ತಿರುವಿನಲ್ಲಿ ಕಾಣಿಸಿದರು. ಪೊಲೀಸರು ಜೊತೆಯಲ್ಲಿರಲಿಲ್ಲ, ಅಷ್ಟಕ್ಕೇ ದೇವರಿಗೆ ಕೈ ಮುಗಿದೆ. ಹತ್ತಿರ ಬಂದಾಗ ನೋಡಿದೆ, ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಅವರ ದೊಡ್ಡ ಕತ್ತರಿ. ಡಿಪೋದವರು ತಮ್ಮ ಕತ್ತರಿಯನ್ನು ಮನೆಗೆ ತರುತ್ತಿದ್ದುದು ಕೆಲಸ ಹೋದಾಗ ಮಾತ್ರ.

ಅಪ್ಪ ಒಳಗೆ ಬಂದು ಕತ್ತರಿಯನ್ನು ನನ್ನ ಮಿಷನ್ನಿನ ಪಕ್ಕ ಇಟ್ಟರು.

"ನೀನು ಹೊಲಿ. ನಾನು ಕತ್ತರಿಸಿ ಕೊಡ್ತೀನಿ," ಅಂದರು. ಆಮೇಲೆ ಡಿಪೋದಲ್ಲಿ ಉಣ್ಣಬೇಕಾಗಿದ್ದ ಕ್ಯಾರಿಯರನ್ನು ಬಿಚ್ಚಿ ನನಗೂ ಒಂದು ತಟ್ಟೆ ಹಾಕಿದರು.